ನನ್ನನ್ನು ಹಿಂದೆ ಹಾಕಿದ ನೀಲಿ ಚುಕ್ಕೆ

ನ್ಯೂಯಾರ್ಕ್ ಮ್ಯಾರಥಾನಿನಿಂದ ಬಂದ ಮೇಲೆ ನನಗೆ ಒಂದು ಕ್ರಿಯಾಪದದೊಡನೆ ತಕರಾರು ಶುರುವಾಗಿದೆ. “ಮ್ಯಾರಥಾನ್ ಓಡಿದಿರಂತೆ?” ಎಂದು ಯಾರಾದರೂ ಕೇಳಿದರೆ “ಹೌದು” ಎಂದು ಸುಮ್ಮನಾಗುವುದು ಸುಲಭ. ಆದರೆ ನನ್ನ ಬಾಯಲ್ಲಿ “ಮುಗಿಸಿದೆ” ಎಂಬ ತಿದ್ದುಪಡಿ ತಾನಾಗಿಯೇ ಬರುತ್ತದೆ. ಕೇಳಿದವರು ಅದನ್ನು ವಿನಯವೆಂದು ತಿಳಿದು ಮೆಚ್ಚುತ್ತಾರೆ. ಅದು ವಿನಯವಲ್ಲ, ಲೆಕ್ಕ. ಒಟ್ಟು 26.2 ಮೈಲಿಗಳಲ್ಲಿ ಸುಮಾರು 8 ಮೈಲಿಗಳನ್ನು ನಾನು ನಡೆದೇ ಕಳೆದೆ. ಮೊದಲರ್ಧಕ್ಕೆ 2 ಗಂಟೆ 19 ನಿಮಿಷ, ಎರಡನೆಯ ಅರ್ಧಕ್ಕೆ ಅದಕ್ಕಿಂತ ಸರಿಯಾಗಿ ಒಂದು ಗಂಟೆ ಹೆಚ್ಚು. ಎರಡೂ ಅರ್ಧಗಳ ದೂರ ಒಂದೇ, ಕಾಲುಗಳೂ ಅವೇ. ಆ ಹೆಚ್ಚುವರಿ ಗಂಟೆ ಎಲ್ಲಿಂದ ಬಂತು ಎಂಬುದನ್ನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ದಣಿವು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ದಣಿವು ಅಷ್ಟು ಸರಳವಾದ ಸಂಗತಿಯಲ್ಲ ಎಂದು ಈಗ ಅನಿಸುತ್ತಿದೆ.

ಈ ಓಟಕ್ಕೆ ಸೀಟು ಸಿಗುವುದೇ ಅದೃಷ್ಟ. ಲಾಟರಿಗೆ ಲಕ್ಷಾಂತರ ಮಂದಿ ಅರ್ಜಿ ಹಾಕುತ್ತಾರೆ. ಆಯ್ಕೆಯಾಗುವವರು ನೂರಕ್ಕೆ ಬೆರಳೆಣಿಕೆಯಷ್ಟು ಮಾತ್ರ. ನನ್ನ ಹೆಸರು ಬಂದ ದಿನವೇ ಹದಿನಾರು ವಾರಗಳ ಅಭ್ಯಾಸದ ಪಟ್ಟಿಯೊಂದನ್ನು ಮುದ್ರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮುಗಿಸಿದ ಪ್ರತಿ ಓಟದ ಮೇಲೂ ಹಸಿರು ಗೀಟು ಎಳೆಯಬೇಕೆಂಬುದು ನಿಯಮ. ಮೊದಲ ತಿಂಗಳು ಪಟ್ಟಿ ತೋಟದಂತೆ ಹಸಿರಾಗಿತ್ತು. ಆಮೇಲೆ ಕೆಲಸದ ಒತ್ತಡ ಬಂತು, ನಡುವೆ ಮೂರು ವಾರ ಬಿಡದ ಕೆಮ್ಮು ಬಂತು, ಕೆಮ್ಮು ಹೋದ ಮೇಲೂ ಕೆಮ್ಮಿನ ನೆಪ ಉಳಿಯಿತು. 20 ಮೈಲಿಯ ಲಾಂಗ್ ರನ್ ಎರಡು ಬಾರಿ ಎಂದು ಪಟ್ಟಿ ಹೇಳುತ್ತಿತ್ತು. ನಾನು ಓಡಿದ ಅತಿ ಉದ್ದದ ದೂರ 14 ಮೈಲಿ, ಅದೂ ಒಮ್ಮೆ, ಅದೂ ಕೈಯಲ್ಲಿ ಒರೆಸಿದಂತೆ ಸಮತಟ್ಟಾಗಿದ್ದ ಹಾದಿಯಲ್ಲಿ. ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ನಕ್ಕು, “ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನೋದು ಕೇಳಿದ್ದೆ. ನಿಂದು ಅದೂ ಇಲ್ವಲ್ಲೋ,” ಎಂದಳು.

ಓಟವನ್ನು ರದ್ದು ಮಾಡಿ ಮುಂದಿನ ವರ್ಷಕ್ಕೆ ಜಾಗ ಉಳಿಸಿಕೊಳ್ಳುವ ಅವಕಾಶ ಇರಲಿಲ್ಲವೆಂದಲ್ಲ, ಇತ್ತು. ಮತ್ತೊಮ್ಮೆ ಶುಲ್ಕ ಕಟ್ಟಬೇಕಾಗಿತ್ತು, ಅಷ್ಟೇ. ಅಭ್ಯಾಸ ಸಾಲದವನು ಸುಳ್ಳು ಹೇಳುವುದಿಲ್ಲ, ಲೆಕ್ಕ ಹಾಕುತ್ತಾನೆ. 14 ಓಡಿದವನಿಗೆ ಇನ್ನು 12 ದೊಡ್ಡದೇ, ಅಂದು ಜನರ ಕೂಗಿನಲ್ಲಿ ನಾಲ್ಕು ಮೈಲಿ ಹಾಗೆಯೇ ಕಳೆದುಹೋಗುತ್ತವೆ, ಕೊನೆಯ ಎರಡನ್ನು ಹೇಗೂ ತೆವಳಿಕೊಂಡಾದರೂ ಮುಗಿಸಬಹುದು, ಉಳಿದದ್ದು ಆರೇ ತಾನೆ ಎಂಬ ಧಾಟಿಯ ಈ ಲೆಕ್ಕದಲ್ಲಿ ಪ್ರತಿ ಹೆಜ್ಜೆಯೂ ಸರಿಯಾಗಿಯೇ ಕಾಣುತ್ತದೆ, ಉತ್ತರ ಮಾತ್ರ ತಪ್ಪಾಗಿರುತ್ತದೆ. ಆ ಲೆಕ್ಕದಲ್ಲಿ ನಾನು ಪೂರ್ತಿಯಾಗಿ ಬಿಟ್ಟಿದ್ದ ಸಂಗತಿಯೆಂದರೆ ಏರಿಳಿತ.

ಸಾಲ ಕೊಟ್ಟ ಸೇತುವೆ

ನ್ಯೂಯಾರ್ಕನ್ನು ಯಾರೂ ಗುಡ್ಡದ ಊರು ಎನ್ನುವುದಿಲ್ಲ. ಅಲ್ಲಿನ ಏರುಗಳಲ್ಲಿ ಬಹುಪಾಲು ಮನುಷ್ಯರೇ ಕಟ್ಟಿದ್ದು. ಸ್ಟೇಟನ್ ಐಲೆಂಡ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್, ಮ್ಯಾನ್‌ಹ್ಯಾಟನ್ ಎಂಬ ಐದು ಭಾಗಗಳನ್ನು ಒಂದೇ ಓಟದಲ್ಲಿ ಪೋಣಿಸಬೇಕೆಂದರೆ ನೀರು ದಾಟಬೇಕು, ನೀರು ದಾಟಲು ಐದು ಸೇತುವೆ ಹತ್ತಬೇಕು. ಅವುಗಳ ಕೆಳಗೆ ಹಡಗೋ ದೋಣಿಯೋ ಹಾದುಹೋಗಬೇಕಾದ್ದರಿಂದ ಸೇತುವೆಗಳೆಲ್ಲ ನಡುವೆ ಉಬ್ಬಿಕೊಂಡಿರುತ್ತವೆ. ಇದರ ಬೆಲೆ ಎಷ್ಟೆಂಬುದು ಗೆದ್ದವರ ಸಮಯದಲ್ಲೂ ಕಾಣುತ್ತದೆ. 2023ರ ಅಕ್ಟೋಬರಿನಲ್ಲಿ ಶಿಕಾಗೋದ ಸಪಾಟು ರಸ್ತೆಗಳಲ್ಲಿ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ. ಮರುತಿಂಗಳು ನ್ಯೂಯಾರ್ಕಿನಲ್ಲಿ ತಮಿರತ್ ತೋಲಾ ಈ ಹಾದಿಯ ಹಳೆಯ ದಾಖಲೆಯನ್ನು ಮುರಿದಾಗ ಅವನ ಸಮಯ 2 ಗಂಟೆ 4 ನಿಮಿಷ 58 ಸೆಕೆಂಡು. ಓಟಗಾರರು ಬೇರೆ ಬೇರೆ, ನಿಜ. ಆದರೂ ಆ ಮಟ್ಟದಲ್ಲಿ ನಾಲ್ಕೂವರೆ ನಿಮಿಷಕ್ಕೆ ಹತ್ತಿರದ ಅಂತರವೆಂದರೆ ಅದರಲ್ಲಿ ಹಾದಿಯ ಪಾಲೂ ದೊಡ್ಡದಿರಲೇಬೇಕು.

ಓಟ ನಡೆಯುವುದು ನವೆಂಬರಿನ ಮೊದಲ ಭಾನುವಾರ. ಅಲ್ಲಿ ಅದೇ ದಿನ ನಸುಕಿನಲ್ಲಿ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಇಡೀ ಊರಿಗೆ ಒಂದು ಗಂಟೆ ಬಿಟ್ಟಿಯಾಗಿ ಸಿಗುವ ದಿನ. ನಾನು ಅದನ್ನು ದೋಣಿಯಲ್ಲಿ, ಬಸ್ಸಿನಲ್ಲಿ, ಆಮೇಲೆ ಸ್ಟೇಟನ್ ಐಲೆಂಡಿನ ಹುಲ್ಲಿನ ಮೇಲೆ ಹಳೆಯ ಸ್ವೆಟರಿನೊಳಗೆ ನಡುಗುತ್ತಾ ಕಳೆದೆ. ಸರದಿ ಬಂದಾಗ ಎಲ್ಲರೂ ಬೆಚ್ಚನೆಯ ಬಟ್ಟೆಗಳನ್ನು ಕಳಚಿ ದಾನದ ಡಬ್ಬಿಗಳಿಗೆ ಹಾಕುತ್ತಾರೆ. ಫಿರಂಗಿ ಹಾರುತ್ತದೆ. ಎದುರಿಗೆ ವೆರಜಾನೋ ಸೇತುವೆ.

1964ರಲ್ಲಿ ತೆರೆದ ಈ ತೂಗುಸೇತುವೆಯ ಎರಡು ಗೋಪುರಗಳ ಬಗ್ಗೆ ನಾನು ಮೊದಲೇ ಓದಿದ್ದೆ. ಅವು ಎಷ್ಟು ಎತ್ತರ, ಎಷ್ಟು ದೂರ ಎಂದರೆ ಭೂಮಿಯ ದುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತಂತೆ. ಬುಡಕ್ಕಿಂತ ತುದಿಯಲ್ಲಿ ಅವುಗಳ ನಡುವಿನ ಅಂತರ ಸುಮಾರು ನಾಲ್ಕು ಸೆಂಟಿಮೀಟರ್ ಹೆಚ್ಚು. ನೆಲದ ದುಂಡನ್ನೇ ಅಳೆದು ಕಟ್ಟಿದ ಸೇತುವೆಯನ್ನು ನಾನು ನೆಲ ಸಪಾಟಾಗಿದೆ ಎಂಬ ಭರವಸೆಯಲ್ಲಿ ಹತ್ತಿದೆ. ಇಡೀ ಹಾದಿಯ ಅತಿ ದೊಡ್ಡ ಏರು ಮೊದಲ ಮೈಲಿಯಲ್ಲಿಯೇ ಇದೆ, ಆದರೆ ಯಾರಿಗೂ ಅದು ಏರೆನಿಸುವುದಿಲ್ಲ. ಗಂಟೆಗಟ್ಟಲೆ ಕಾದ ಕಾಲುಗಳು, ಸಾವಿರಾರು ಬೂಟುಗಳ ಸದ್ದು, ಎಡಕ್ಕೆ ದೂರದಲ್ಲಿ ಮ್ಯಾನ್‌ಹ್ಯಾಟನ್. ನನಗೆ ಬಂದದ್ದು ಕೆಳ ಅಂತಸ್ತು. ಮೇಲೆ ಉಕ್ಕಿನ ಚಾವಣಿ ಇದ್ದುದರಿಂದ ಕೈಗಡಿಯಾರಕ್ಕೆ ಉಪಗ್ರಹದ ಸಂಕೇತ ಸಿಗದೆ, ಅದು ತೋಚಿದ ವೇಗ ತೋರಿಸುತ್ತಿತ್ತು. ಒಮ್ಮೆ ನಾನು ನಿಂತಿದ್ದೇನೆ ಎಂದಿತು, ಮರುಕ್ಷಣ ಕುದುರೆಯ ವೇಗ ಎಂದಿತು. ನಾನು ನಕ್ಕು ಅದನ್ನು ನೋಡುವುದನ್ನೇ ಬಿಟ್ಟೆ.

ಎರಡನೆಯ ಮೈಲಿ ಪೂರ್ತಿ ಇಳಿಜಾರು. ನನ್ನ ಓಟದ ಹಣೆಬರಹ ಬರೆದದ್ದು ಆ ಒಂದು ಮೈಲಿ ಎಂದು ಈಗ ಖಚಿತವಾಗಿ ಹೇಳಬಲ್ಲೆ. ಇಳಿಜಾರಿನಲ್ಲಿ ಉಸಿರು ಹಗುರ, ಮನಸ್ಸು ಹಗುರ, ಮುಂದಿನವರನ್ನು ಹಿಂದಿಕ್ಕುವ ಸುಖ ಬೇರೆ. ಎರಡು ಮೈಲಿಯ ಫಲಕ ಬಂದಾಗ ನಾನು ಅಂದುಕೊಂಡದ್ದಕ್ಕಿಂತ ಒಂದೂವರೆ ನಿಮಿಷ ಮುಂದಿದ್ದೆ, ಅದನ್ನು ಗಳಿಕೆ ಎಂದೇ ಭಾವಿಸಿದೆ. ಸಾಲ ಮಾಡಿ ತುಪ್ಪ ತಿನ್ನುವವನಿಗೆ ತುಪ್ಪದ ರುಚಿ ಗೊತ್ತಾಗುವಷ್ಟು ಸಾಲದ ಭಾರ ಗೊತ್ತಾಗುವುದಿಲ್ಲ.

ಸಾಲದ ಮಾತನ್ನು ನಾನು ಅಲಂಕಾರಕ್ಕಾಗಿ ಆಡುತ್ತಿಲ್ಲ. ಏರು ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಅದರ ಖರ್ಚನ್ನು ಶ್ವಾಸಕೋಶ ಅಲ್ಲಿಯೇ ವಸೂಲು ಮಾಡುತ್ತದೆ, ಏದುಸಿರು ಬಂದು ನಾವೇ ನಿಧಾನವಾಗುತ್ತೇವೆ. ಇಳಿಯುವಾಗ ಹಾಗಲ್ಲ. ಪ್ರತಿ ಹೆಜ್ಜೆಗೂ ಮೈಭಾರ ಕೆಳಗೆ ಜಾರುವುದನ್ನು ತಡೆಯಲು ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು, ಅಂದರೆ ಬ್ರೇಕಿನ ಕೆಲಸ ಮಾಡಬೇಕು. ಇದಕ್ಕೆ ಬೇಕಾಗುವ ಆಮ್ಲಜನಕ ಕಡಿಮೆ, ಹಾಗಾಗಿ ಉಸಿರು ದೂರುವುದಿಲ್ಲ. ಆದರೆ ಎಳೆಗಳಲ್ಲಿ ಆಗುವ ಸಣ್ಣ ಸಣ್ಣ ಗಾಯಗಳು ಹೆಚ್ಚು. ನೋವು ಕೂಡಲೇ ಕಾಣಿಸಿಕೊಳ್ಳದೆ ಒಂದೆರಡು ದಿನ ಬಿಟ್ಟು ಬರುತ್ತದೆ, ಶಕ್ತಿ ಮಾತ್ರ ಅಂದೇ ಕುಂದುತ್ತದೆ. ಬೇಸರದ ಸಂಗತಿಯೆಂದರೆ ಇದಕ್ಕೆ ಮದ್ದು ಬಹಳ ಅಗ್ಗದ್ದು. ಕೆಲವು ವಾರ ಮೊದಲು ಇಳಿಜಾರಿನಲ್ಲಿ ಒಂದೆರಡು ಬಾರಿ ಚೆನ್ನಾಗಿ ಓಡಿದ್ದರೂ ಸಾಕು, ಸ್ನಾಯು ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅಷ್ಟು ಹಾಳಾಗುವುದಿಲ್ಲ. ನಾನು ಕಳೆದುಕೊಂಡ ಆ ಲಾಂಗ್ ರನ್‌ಗಳಿಗಿಂತ, ಒಂದೇ ಒಂದು ಗುಡ್ಡವನ್ನೂ ಇಳಿಯದೇ ಹೋದದ್ದು ಹೆಚ್ಚಿನ ಮೂರ್ಖತನ.

ಬ್ರೂಕ್ಲಿನ್ನಿನ ಬಗ್ಗೆ ಬರೆಯಲು ಹೆಚ್ಚಿಲ್ಲ, ಏಕೆಂದರೆ ಅಲ್ಲಿ ನಾನು ಸುಖವಾಗಿದ್ದೆ. ಫೋರ್ತ್ ಅವೆನ್ಯೂ ಮೈಲಿಗಟ್ಟಲೆ ನೇರವಾಗಿ ಹೋಗುತ್ತದೆ, ಎರಡೂ ಬದಿಯಲ್ಲಿ ಜನ, ಬ್ಯಾಂಡು, ಕೈಚಾಚಿದ ಮಕ್ಕಳು. ಬಿಬ್ಬಿನ, ಅಂದರೆ ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿಯ, ಮೇಲಿದ್ದ ನನ್ನ ಹೆಸರನ್ನು ಅಪರಿಚಿತರು ಎಂಟು ಬಗೆಯಲ್ಲಿ ತಪ್ಪಾಗಿ ಕೂಗಿದರು, ಎಂಟಕ್ಕೂ ನಾನು ಕೈಯೆತ್ತಿದೆ. ಪುಲಾಸ್ಕಿ ಸೇತುವೆಯ ಮೇಲೆ ಅರ್ಧ ದೂರ ಮುಗಿದಾಗ ಅಂದುಕೊಂಡ ವೇಗಕ್ಕಿಂತಲೂ ಚೂರು ಮುಂದೆಯೇ ಇದ್ದೆ. ಇಳಿಯುವಾಗ ಮಾತ್ರ ಬಲತೊಡೆಯಲ್ಲಿ ಯಾರೋ ಒಳಗಿನಿಂದ ದಾರ ಜಗ್ಗಿದಂತೆ ಒಮ್ಮೆ ಆಯಿತು.

ಸದ್ದಿಲ್ಲದ ಮೈಲಿ

ಕ್ವೀನ್ಸ್‌ಬರೋ ಸೇತುವೆ 15ನೆಯ ಮೈಲಿಯ ಆಸುಪಾಸಿನಲ್ಲಿ ಬರುತ್ತದೆ. 1909ರಲ್ಲಿ ತೆರೆದ ಉಕ್ಕಿನ ಸೇತುವೆ. ಓಟ ಅದರ ಕೆಳ ಅಂತಸ್ತಿನಲ್ಲಿ ಸಾಗುತ್ತದೆ. ಅಲ್ಲಿ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಎರಡೂವರೆ ಗಂಟೆ ಕಿವಿ ತುಂಬಿದ್ದ ಗದ್ದಲ ಬಾಗಿಲು ಮುಚ್ಚಿದಂತೆ ನಿಂತುಹೋಯಿತು. ಬೆಳಕೂ ಕಡಿಮೆ. ಕೇಳಿಸುತ್ತಿದ್ದದ್ದು ಎರಡೇ ಸದ್ದು: ಬೂಟುಗಳದ್ದು, ಉಸಿರಿನದ್ದು. ಏರು ಕಡಿದೇನಲ್ಲ, ಆದರೆ ಮುಗಿಯುವುದೇ ಇಲ್ಲ. ಮುಂದಿನ ತಿರುವಿನ ಹಿಂದೆ ಅದು ಮುಗಿಯಬಹುದೆಂದು ಆಸೆಪಡಲು ತಿರುವೂ ಇಲ್ಲ, ಎಲ್ಲವೂ ನೇರವಾಗಿ ಕಣ್ಣೆದುರಿಗೇ ಇದೆ.

ಆ ಏರಿನ ನಡುವೆ ನಾನು ನಡೆಯತೊಡಗಿದೆ. ಅದೊಂದು ನಿರ್ಧಾರವಾಗಿರಲಿಲ್ಲ. ಒಂದು ಹೆಜ್ಜೆ ಓಟದ್ದಾಗಿತ್ತು, ಮುಂದಿನದು ನಡಿಗೆಯದ್ದಾಗಿತ್ತು. ಈಗಲೂ ನನಗೆ ಸ್ಪಷ್ಟವಾಗಿ ನೆನಪಿರುವುದು ನಡಿಗೆಯ ನಾಚಿಕೆಯಲ್ಲ, ನೆಮ್ಮದಿ. ಎಲ್ಲ ಕಡೆ ನೋಡುವವರಿದ್ದ ಹಾದಿಯಲ್ಲಿ ನೋಡುವವರಿಲ್ಲದ ಒಂದು ಮೈಲಿಯನ್ನು ನನ್ನ ಕಾಲುಗಳು ಹುಡುಕಿ ಆರಿಸಿಕೊಂಡಿದ್ದವು. ಜನರ ಎದುರಿಗೆ ಓಡುವುದಕ್ಕೆ ಇನ್ನೂ ಶಕ್ತಿ ಇತ್ತೇ, ಇದ್ದರೆ ಅದು ಯಾರ ಶಕ್ತಿ ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಿಕೊಳ್ಳುವಷ್ಟು ತಲೆ ಓಡುತ್ತಿರಲಿಲ್ಲ. ಉಪ್ಪು ಕಟ್ಟಿದ ಹುಬ್ಬನ್ನು ಒರೆಸಿಕೊಂಡು, ಓಡುವಾಗ ಶಕ್ತಿಗೆಂದು ನುಂಗುವ ಸಿಹಿ ಜೆಲ್ಲಿನ ಪೊಟ್ಟಣವನ್ನು ಹಲ್ಲಿನಿಂದ ಹರಿಯಲು ಹೋಗಿ ಬೆರಳಿಗೆಲ್ಲ ಮೆತ್ತಿಕೊಂಡೆ. ಎಡಬದಿಯ ಕಂಬಿಗೆ ಅರವತ್ತರ ಆಸುಪಾಸಿನ ಒಬ್ಬರು ಎರಡೂ ಕೈ ಕೊಟ್ಟು ಮೀನಖಂಡವನ್ನು ಹಿಗ್ಗಿಸುತ್ತಾ ನಿಂತಿದ್ದರು. ಸಹಾಯ ಬೇಕೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ, ತಮಗೆ ಇದು ಹನ್ನೊಂದನೆಯ ಬಾರಿಯೆಂದೂ ಪ್ರತಿ ಬಾರಿಯೂ ಇದೇ ಜಾಗದಲ್ಲಿ ಹೀಗೆ ನಿಲ್ಲುತ್ತೇನೆಂದೂ ಹೇಳಿದರು. ಹನ್ನೊಂದು ಬಾರಿ ಬಂದವರಿಗೂ ಈ ಸೇತುವೆ ರಿಯಾಯಿತಿ ಕೊಟ್ಟಿರಲಿಲ್ಲ. ಅದು ನನಗೆ ಸಮಾಧಾನವಾಯಿತೆಂದರೆ ಸಣ್ಣತನವಾದೀತು, ಆದರೆ ಆಯಿತು.

ದೇಹದ ಲೆಕ್ಕವೂ ಆ ಹೊತ್ತಿಗೆ ಬಾಗಿಲು ಬಡಿಯುತ್ತಿತ್ತು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಸಾಮಾನ್ಯವಾಗಿ 2000 ಕಿಲೋಕ್ಯಾಲೊರಿಯ ಆಸುಪಾಸು. ಓಡಲು ಒಂದು ಕಿಲೋಮೀಟರಿಗೆ ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. ನನ್ನಂಥ 72 ಕಿಲೋದವನಿಗೆ ಪೂರ್ತಿ 42 ಕಿಲೋಮೀಟರಿಗೆ 3000 ದಾಟುತ್ತದೆ. ಉಳಿದದ್ದನ್ನು ಕೊಬ್ಬು ಕೊಡಬೇಕು. ಅಭ್ಯಾಸವಿದ್ದ ದೇಹ ಆರಂಭದಿಂದಲೇ ಕೊಬ್ಬನ್ನು ಹದವಾಗಿ ಬೆರೆಸಿಕೊಂಡು ಉರಿಸುತ್ತದೆ. ಅಭ್ಯಾಸವಿಲ್ಲದೆ ಜೋರಾಗಿ ಓಡಿದ ದೇಹ ಗ್ಲೈಕೋಜನ್ನನ್ನೇ ಸುರಿದು ಉರಿಸಿ, ಆಮೇಲೆ ತಿಜೋರಿಯ ತಳ ಕೆರೆಯುತ್ತದೆ. ಪಟ್ಟಿಯಲ್ಲಿದ್ದ 20 ಮೈಲಿಯ ಓಟಗಳು ಬರೀ ಧೈರ್ಯಕ್ಕೆಂದು ನಾನು ತಿಳಿದಿದ್ದೆ. ಅವು ಈ ಬೆರಕೆಯನ್ನು ಕಲಿಸುವ ಪಾಠಗಳು.

ಅಕ್ಕನ ಫೋನು

ಸೇತುವೆಯಿಂದ ಇಳಿದು ತಿರುಗಿದರೆ ಫಸ್ಟ್ ಅವೆನ್ಯೂ. ಗದ್ದಲ ಗೋಡೆಯಂತೆ ಎದುರಿಗೆ ಬಂದು ನಿಲ್ಲುತ್ತದೆ. ನಾನು ನಿರೀಕ್ಷಿಸಿದಂತೆಯೇ ಜನರ ಎದುರಿಗೆ ಮತ್ತೆ ಓಡತೊಡಗಿದೆ; ಮೂರು ಬ್ಲಾಕು ಓಡಿ, ನಾಲ್ಕನೆಯದರಲ್ಲಿ ಮತ್ತೆ ನಡೆದೆ. ಹತ್ತಾರು ಬ್ಲಾಕುಗಳಾಚೆ ಅಕ್ಕ ನಿಂತಿದ್ದಳು. ಕತ್ತಿಗೆ ಮಫ್ಲರ್, ಕೈಯಲ್ಲಿ ಫೋನು, ಕಣ್ಣು ಮಾತ್ರ ನಾನು ಬರಬೇಕಾದ ದಿಕ್ಕಿಗಲ್ಲ, ಮುಂದಕ್ಕೆ, ಬ್ರಾಂಕ್ಸಿನ ಕಡೆಗೆ. ಹಿಂದಿನಿಂದ ಕರೆದಾಗ ಬೆಚ್ಚಿಬಿದ್ದಳು.

“ಏನೋ ಇದು, ನೀನು ಆಗಲೇ ನನ್ನ ದಾಟಿ ಹೋದೆ ಅಂತ ತೋರಿಸ್ತಿದೆಯಲ್ಲೋ! ಜನದ ಮಧ್ಯೆ ಕಾಣಿಸಲಿಲ್ಲ ಅಂತ ಕಾಲು ಗಂಟೆಯಿಂದ ಒದ್ದಾಡ್ತಿದೀನಿ.”

ಫೋನನ್ನು ನನ್ನ ಮುಖಕ್ಕೆ ಹಿಡಿದಳು. ನಕ್ಷೆಯ ಮೇಲೆ ನನ್ನ ಹೆಸರಿನ ಒಂದು ನೀಲಿ ಚುಕ್ಕೆ ನಮ್ಮಿಬ್ಬರನ್ನೂ ಬಿಟ್ಟು ಫಸ್ಟ್ ಅವೆನ್ಯೂವಿನಲ್ಲಿ ಉತ್ತರಕ್ಕೆ ಸಲೀಸಾಗಿ ಹೋಗುತ್ತಿತ್ತು. ಅದರ ಕೆಲಸ ಹೀಗೆ: ರಸ್ತೆಗೆ ಅಡ್ಡಲಾಗಿ ಹಾಸಿದ ಚಾಪೆಯನ್ನು ದಾಟಿದಾಗ ಬಿಬ್ಬಿನ ಚಿಪ್ ನಿಜವಾದ ಸಮಯವನ್ನು ಹೇಳುತ್ತದೆ, ಒಂದು ಚಾಪೆಯಿಂದ ಇನ್ನೊಂದಕ್ಕೆ ನಡುವೆ ಆ್ಯಪು ಹಿಂದಿನ ವೇಗವನ್ನೇ ನಂಬಿಕೊಂಡು ಚುಕ್ಕೆಯನ್ನು ಮುಂದೆ ತಳ್ಳುತ್ತಿರುತ್ತದೆ. ನನ್ನ ಮೊದಲರ್ಧವನ್ನು ನಂಬಿದ ಆ್ಯಪು ಒಬ್ಬ ಒಳ್ಳೆಯ ಓಟಗಾರನನ್ನು ಕಟ್ಟಿಕೊಂಡಿತ್ತು. ಅವನು ಸೇತುವೆಯ ಮೇಲೆ ನಡೆದಿರಲಿಲ್ಲ, ಜೆಲ್ ಮೆತ್ತಿಕೊಂಡಿರಲಿಲ್ಲ, ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಪೂರ್ತಿ ಹಸಿರು ಮಾಡಿದ್ದ. ನಾನು ನೋಡುತ್ತಾ ನಿಂತಂತೆಯೇ ಅವನು ಇನ್ನೊಂದು ಬ್ಲಾಕ್ ದಾಟಿದ.

“ಸಾಕು ಬಿಡೋ, ಇಲ್ಲೇ ನಿಂತುಬಿಡು. ಮನೆಗೆ ಹೋಗೋಣ,” ಎಂದಳು ಅಕ್ಕ. ನನ್ನ ಮುಖ ಹೇಗಿತ್ತೋ.

“ಅವನು ಹೋಗ್ತಿದಾನಲ್ಲಕ್ಕಾ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ನೀರಿನ ಬಾಟಲಿ ಕೈಗಿಟ್ಟಳು.

ಅಲ್ಲಿಂದ ಮುಂದಿನ ನಾಲ್ಕೈದು ಮೈಲಿಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಎರಡು ದೀಪದ ಕಂಬ ಓಟ, ಮೂರು ಕಂಬ ನಡಿಗೆ. ವಿಲ್ಲಿಸ್ ಅವೆನ್ಯೂ ಸೇತುವೆಯನ್ನು ಹತ್ತಿ ಬ್ರಾಂಕ್ಸ್, ಮ್ಯಾಡಿಸನ್ ಅವೆನ್ಯೂ ಸೇತುವೆಯನ್ನು ಹತ್ತಿ ಮತ್ತೆ ಮ್ಯಾನ್‌ಹ್ಯಾಟನ್. ಏರುಗಳನ್ನು ನಡೆದು ಹತ್ತುವುದು ಆ ಹೊತ್ತಿಗೆ ಕಷ್ಟವೇ ಆಗಿರಲಿಲ್ಲ. ಇಳಿಯುವಾಗ ಮಾತ್ರ ಮಂಡಿಯ ಮೇಲೆ ಯಾರೋ ಸುತ್ತಿಗೆಯಿಂದ ತಟ್ಟಿದಂತಾಗುತ್ತಿತ್ತು. ಬೆಳಿಗ್ಗೆ ಕೊಟ್ಟ ಸಾಲವನ್ನು ಪ್ರತಿ ಸೇತುವೆಯೂ ಇಳಿಜಾರಿನಲ್ಲಿಯೇ ಬಡ್ಡಿ ಸಮೇತ ಕೇಳಿತು.

ಫಿಫ್ತ್ ಅವೆನ್ಯೂ

ಮ್ಯಾನ್‌ಹ್ಯಾಟನ್ ಸಪಾಟು ಎಂದು ನಂಬಿರುವವರು 23ನೆಯ ಮೈಲಿಯಲ್ಲಿ ಫಿಫ್ತ್ ಅವೆನ್ಯೂವನ್ನು ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿ ಕಾಲ್ನಡಿಗೆಯಲ್ಲಿ ದಕ್ಷಿಣಕ್ಕೆ ಹೋಗಿ ನೋಡಬೇಕು. ಕಾರಿನಲ್ಲಿ ಹೋಗುವವರಿಗೆ ಅದು ಏರೆಂದು ತಿಳಿಯುವುದಿಲ್ಲ. 90ನೆಯ ಬೀದಿಯ ಹತ್ತಿರ ಓಟ ಪಾರ್ಕಿನೊಳಕ್ಕೆ ತಿರುಗುತ್ತದೆ. ವರ್ಷವಿಡೀ ಅಲ್ಲಿ ಫ್ರೆಡ್ ಲೆಬೋ ಎಂಬುವವರ ಕಂಚಿನ ಪ್ರತಿಮೆ ಇರುತ್ತದೆ, ಕೈಗಡಿಯಾರ ನೋಡುತ್ತಿರುವ ಭಂಗಿಯಲ್ಲಿ. ಓಟದ ದಿನಕ್ಕೆ ಅದನ್ನು ಅಂತಿಮ ಗೆರೆಯ ಬಳಿಗೆ ಒಯ್ದು ನಿಲ್ಲಿಸುತ್ತಾರೆ. ಈ ಮ್ಯಾರಥಾನನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಮುಖ್ಯರು. 1970ರಲ್ಲಿ ಇದು ಸೆಂಟ್ರಲ್ ಪಾರ್ಕಿನ ಒಳಗೇ ಸುತ್ತು ಹೊಡೆಯುವ ಓಟವಾಗಿತ್ತು. ಅಂದು ಹೊರಟವರು 127 ಮಂದಿ, ಮುಗಿಸಿದವರು 55. ಲೆಬೋ 45ನೆಯವರು. ಐದೂ ಭಾಗಗಳ ಈಗಿನ ಹಾದಿ ಬಂದದ್ದು 1976ರಲ್ಲಿ.

ಆದರೆ ನನಗೆ ಅವರು ಬೇಕಾದದ್ದು 1992ರ ಕಾರಣಕ್ಕೆ. ಮಿದುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಲೆಬೋ ತಮ್ಮ ಅರವತ್ತನೆಯ ವಯಸ್ಸಿನಲ್ಲಿ ಆ ವರ್ಷ ಈ ಐದು ಸೇತುವೆಗಳನ್ನು ಹತ್ತಿಳಿದರು. ಪಕ್ಕದಲ್ಲಿ ಗ್ರೆಟೆ ವೈಟ್ಸ್ ಇದ್ದರು, ಈ ಓಟವನ್ನು ಒಂಬತ್ತು ಬಾರಿ ಗೆದ್ದ ನಾರ್ವೆಯ ಓಟಗಾರ್ತಿ. ಇಬ್ಬರೂ ಸುಮಾರು 5 ಗಂಟೆ 32 ನಿಮಿಷದಲ್ಲಿ ಮುಗಿಸಿದರು. ವೈಟ್ಸ್ ತಾವು ಗೆಲ್ಲುತ್ತಿದ್ದ ಸಮಯದ ಎರಡರಷ್ಟಕ್ಕೂ ಹೆಚ್ಚು ಹೊತ್ತು ಅಂದು ರಸ್ತೆಯ ಮೇಲಿದ್ದರು. ಅದಾಗಿ ಎರಡು ವರ್ಷಕ್ಕೆ ಲೆಬೋ ತೀರಿಕೊಂಡರು. ಅವರು ಅಂದು ಓಡಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಈ ಕಥೆಯನ್ನು ಮೊದಲು ಓದಿದಾಗ ನನ್ನ ಕ್ರಿಯಾಪದದ ತಕರಾರು ಇಲ್ಲಿಗೆ ಮುಗಿಯಿತೆಂದುಕೊಂಡೆ. ನಿಧಾನವಾಗಿ ಹೋದವನೂ ಓಡಿದವನೇ ಎಂದು ತೀರ್ಪು ಕೊಟ್ಟು ಎದ್ದುಹೋಗಬಹುದಲ್ಲ. ಆದರೆ ಯೋಚಿಸಿದಷ್ಟೂ ಆ ಹೋಲಿಕೆಯ ಆಸರೆ ನನಗೆ ಸಲ್ಲದು ಎನಿಸುತ್ತದೆ. ಅವರು ತಮ್ಮಲ್ಲಿ ಇದ್ದದ್ದನ್ನೆಲ್ಲ ತಂದಿದ್ದರು. ನಾನು ಇದ್ದದ್ದರಲ್ಲಿ ಅರ್ಧವನ್ನು ಬೇಸಗೆಯಲ್ಲಿಯೇ ಮನೆಯಲ್ಲಿ ಬಿಟ್ಟು ಬಂದಿದ್ದೆ. ಇಬ್ಬರ ನಡಿಗೆಯೂ ದೂರದಿಂದ ಒಂದೇ ತರಹ ಕಂಡೀತು, ಗಡಿಯಾರವೂ ಹೆಚ್ಚುಕಡಿಮೆ ಒಂದೇ ಅಂಕಿಯನ್ನು ಹೇಳೀತು. ಗಡಿಯಾರಕ್ಕೆ ಅಷ್ಟೇ ಗೊತ್ತಿರುವುದು.

ಪಾರ್ಕಿನೊಳಗೆ ಸಂಜೆಯ ಬೆಳಕು ಇಳಿಯುತ್ತಿತ್ತು. ಗಡಿಯಾರ ಹಿಂದೆ ಹೋಗಿದ್ದರ ಫಲ, ಐದಾಗುವ ಮೊದಲೇ ಸೂರ್ಯ ಮುಳುಗುವ ದಿನ. ಕೊನೆಯ ಕೆಲವು ನೂರು ಮೀಟರ್ ಮತ್ತೆ ಏರು; ಇದನ್ನು ಯೋಜಿಸಿದವರಿಗೆ ಹಾಸ್ಯಪ್ರಜ್ಞೆ ಇರಬೇಕು. ಅದನ್ನು ನಾನು ಓಡಿದೆ. ಜನ ನೋಡುತ್ತಿದ್ದರು ಎಂಬುದೂ ಒಂದು ಕಾರಣ, ಮುಚ್ಚಿಡುವುದಿಲ್ಲ. ಗೆರೆ ದಾಟಿದಾಗ 5 ಗಂಟೆ 38 ನಿಮಿಷ. ಕಂಚಿನ ಲೆಬೋ ತಮ್ಮ ಗಡಿಯಾರವನ್ನು ನೋಡುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ವಿಮಾನಕ್ಕೆಂದು ಸಬ್‌ವೇ ನಿಲ್ದಾಣಕ್ಕೆ ಹೋದೆ. ಬೀದಿಯಲ್ಲಿ ನಡೆಯುವುದು ಸರಾಗವಾಗಿಯೇ ಇತ್ತು. ನಿಲ್ದಾಣದ ಬಾಯಿಗೆ ಬಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟೊಡನೆ ಎರಡೂ ತೊಡೆಗಳು ಒಟ್ಟಿಗೆ ಕೈಬಿಟ್ಟವು. ಕಂಬಿ ಹಿಡಿಯದಿದ್ದರೆ ಉರುಳುತ್ತಿದ್ದೆ. ನನ್ನ ಪಕ್ಕದಲ್ಲಿ ಕೊರಳಲ್ಲಿ ಪದಕ ಹಾಕಿಕೊಂಡ ಒಬ್ಬ ಹೆಂಗಸು ಯೋಚಿಸುತ್ತಾ ನಿಂತಿದ್ದರು. ಅವರು ಹಿಂದಿರುಗಿ ಮೆಟ್ಟಿಲಿಗೆ ಬೆನ್ನು ಮಾಡಿ, ಎರಡೂ ಕೈಯಿಂದ ಕಂಬಿ ಹಿಡಿದು, ಏಣಿ ಇಳಿಯುವವರಂತೆ ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಇಳಿಯತೊಡಗಿದರು. ನಾನೂ ಹಾಗೆಯೇ ತಿರುಗಿ ನಿಂತೆ. ಕೆಲಸಕ್ಕೆ ಹೊರಟಿದ್ದ ಜನ ನಮ್ಮ ಎರಡೂ ಬದಿಯಿಂದ ದಡದಡನೆ ಇಳಿದುಹೋದರು. ನಾಲ್ಕನೆಯ ಮೆಟ್ಟಿಲಿನಲ್ಲಿ ಅವರು ನನ್ನ ಕಡೆ ನೋಡಿ, ಎಷ್ಟು ಹೊತ್ತಾಯಿತು ಎಂದು ಕೇಳಿದರು. ಹೇಳಿದೆ. ತಮಗೆ 6 ಗಂಟೆ 10 ನಿಮಿಷ ಎಂದರು. ಇನ್ನೂ ಎಷ್ಟು ಮೆಟ್ಟಿಲಿವೆ ಎಂದು ಇಬ್ಬರೂ ಒಮ್ಮೆ ಹೆಗಲ ಮೇಲಿಂದ ಕೆಳಗೆ ನೋಡಿದೆವು.